ಹನ್ನೊಂದು ಗಂಟೆಯ ವಾರ್ತೆ

ಡೆಟ್ರಾಯಿಟ್ ಎಂದೊಡನೆ ಮೋಟಾರು ಕಾರುಗಳ ನೆನಪಾಗುವುದು ಸಹಜ. ಆದರೆ ಆ ನಗರದ ಉತ್ತರದ ಗಡಿಯಾದ ಏಯ್ಟ್ ಮೈಲ್ ರಸ್ತೆಯನ್ನು ದಾಟಿದೊಡನೆ ಆರಂಭವಾಗುವ ನಮ್ಮ ಸೌತ್‌ಫೀಲ್ಡ್ ಇನ್ನೊಂದು ಬಗೆಯ ಸರಕನ್ನು ತಯಾರಿಸುವ ಊರೆಂಬುದು ಹೊರಗಿನಿಂದ ಬಂದ ಬಂಧುಗಳಿಗೆ ತಿಳಿದಿರಲಾರದು. ಆ ಸರಕಿನ ಹೆಸರು ವಾರ್ತೆ. ನೈನ್ ಮೈಲ್ ರಸ್ತೆಯಲ್ಲಿ ಚಾನೆಲ್ 2, ಟೆನ್ ಮೈಲ್ ರಸ್ತೆಯಲ್ಲಿ ಚಾನೆಲ್ 7, ಇಲೆವೆನ್ ಮೈಲ್ ರಸ್ತೆಯಲ್ಲಿ ಚಾನೆಲ್ 50 ಮತ್ತು 62 ಎಂದು, ಮೈಲಿಗೊಂದು ಕಲ್ಲು ನೆಟ್ಟಂತೆ ದೂರದರ್ಶನ ನಿಲಯಗಳು ಇಲ್ಲಿ ತಲೆಯೆತ್ತಿ ನಿಂತವು. ಡೆಟ್ರಾಯಿಟ್ ನಗರದ ನಡುವೆಯೇ ಉಳಿದುಕೊಂಡದ್ದು ಚಾನೆಲ್ 4 ಮಾತ್ರ. ನಗರದ ಸುದ್ದಿಯನ್ನು ನಗರದ ಹೊರಗೆ ಕುಳಿತು ಹೇಳುವ ಈ ಏರ್ಪಾಡಿನಲ್ಲಿಯೇ ಒಂದು ಕಥೆ ಅಡಗಿದೆಯೆಂದು ನನಗೆ ಬಹುಕಾಲದಿಂದ ಅನಿಸುತ್ತಿದೆ.

ನಾನು ಪತ್ರಕರ್ತೆಯಲ್ಲ. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಇತಿಹಾಸವನ್ನೂ ರಾಜ್ಯಶಾಸ್ತ್ರವನ್ನೂ ಓದಿ ಬಿ.ಎ. ಮಾಡಿದವಳು, 1993ರ ಶರತ್ಕಾಲದಲ್ಲಿ ಮದುವೆಯಾಗಿ ಇಲ್ಲಿಗೆ ಬಂದು ಗೃಹಕೃತ್ಯದಲ್ಲಿ ತೊಡಗಿದವಳು. ಪತಿ ಕಾರಿನ ಬಿಡಿಭಾಗಗಳ ಕಾರ್ಖಾನೆಗೆ ಹೋದ ಮೇಲೆ ಮನೆಯಲ್ಲಿ ನನ್ನೊಡನೆ ಮಾತನಾಡುತ್ತಿದ್ದುದು ದೂರದರ್ಶನವೊಂದೇ. ಇಂಗ್ಲಿಷಿನ ಅಮೆರಿಕನ್ ಉಚ್ಚಾರವನ್ನು ನಾನು ಕಲಿತದ್ದು ವಾರ್ತಾವಾಚಕರಿಂದ. ಆದುದರಿಂದ ಮೂವತ್ತು ವರ್ಷಗಳಿಗೂ ಮೀರಿದ ಒಬ್ಬ ವೀಕ್ಷಕಿಯ ಅನುಭವವೆಂದು ಈ ಲೇಖನವನ್ನು ಓದಬೇಕಾಗಿ ಪ್ರಾರ್ಥನೆ.

ಅಂದು ಚಾನೆಲ್ 7ರಲ್ಲಿ ಬಿಲ್ ಬಾಂಡ್ಸ್, ಚಾನೆಲ್ 4ರಲ್ಲಿ ಮಾರ್ಟ್ ಕ್ರಿಮ್ ಮತ್ತು ಕಾರ್ಮೆನ್ ಹಾರ್ಲನ್. ನಮ್ಮ ಊರಿನಲ್ಲಿ ಭಾವನೆಯ ಲವಲೇಶವೂ ಮುಖದಲ್ಲಿ ಸುಳಿಯದಂತೆ ವಾರ್ತೆ ಓದುತ್ತಿದ್ದ ಬೆಂಗಳೂರು ದೂರದರ್ಶನವನ್ನು ಕಂಡಿದ್ದ ನನಗೆ ಬಿಲ್ ಬಾಂಡ್ಸ್ ಒಂದು ವಿಸ್ಮಯ. ಹುಬ್ಬೇರಿಸಿ, ಗದರಿಸಿ, ಮಹಾಪೌರರನ್ನೇ ಕೆಣಕಿ ಮಾತನಾಡುವ ಆ ಮನುಷ್ಯ ವಾರ್ತೆ ಓದುತ್ತಿದ್ದಾರೆಯೋ ಯಕ್ಷಗಾನದ ಬಣ್ಣದ ವೇಷ ಕುಣಿಯುತ್ತಿದೆಯೋ ಎಂಬ ಭ್ರಮೆ ಹುಟ್ಟುತ್ತಿತ್ತು. 1967ರ ಡೆಟ್ರಾಯಿಟ್ ದಂಗೆಯ ವರದಿಯಿಂದ ಹೆಸರು ಮಾಡಿದ ಅವರು 1995ರಲ್ಲಿ ಆ ನಿಲಯವನ್ನು ಬಿಡಬೇಕಾಯಿತು, 2014ರಲ್ಲಿ ತೀರಿಕೊಂಡರು. ಜನ ಸುದ್ದಿಯನ್ನಲ್ಲ, ಸುದ್ದಿ ಹೇಳುವವರನ್ನು ಆರಿಸಿಕೊಳ್ಳುತ್ತಾರೆ ಎಂಬ ಸೂತ್ರವನ್ನು ಅಮೆರಿಕದ ನಿಲಯಗಳು ಬಹು ಹಿಂದೆಯೇ ಕಂಡುಕೊಂಡಿದ್ದವು. 1965ರಲ್ಲಿ ಫಿಲಡೆಲ್ಫಿಯಾದಲ್ಲಿ ಆಲ್ ಪ್ರೀಮೋ ಎಂಬವರು ‘ಐವಿಟ್ನೆಸ್ ನ್ಯೂಸ್’ ಎಂಬ ಮಾದರಿಯನ್ನು ಆರಂಭಿಸಿದರು; 1970ರಲ್ಲಿ ಅದೇ ನಗರದ ಪ್ರತಿಸ್ಪರ್ಧಿ ನಿಲಯ ‘ಆ್ಯಕ್ಷನ್ ನ್ಯೂಸ್’ ಎಂದು ಇನ್ನಷ್ಟು ವೇಗದ ಮಾದರಿಯನ್ನು ತಂದಿತು. ಸಲಹೆಗಾರರು ಊರೂರಿಗೆ ಇವನ್ನು ಹೊತ್ತು ಮಾರಿದರು. ನಮ್ಮ ಚಾನೆಲ್ 7 ತನ್ನ ವಾರ್ತೆಗೆ ‘ಆ್ಯಕ್ಷನ್ ನ್ಯೂಸ್’ ಎಂಬ ಹೆಸರನ್ನೇ ಇಟ್ಟುಕೊಂಡಿತು.

ನಾನು ಬಂದ ಮರುವರ್ಷವೇ ಇಲ್ಲಿನ ವಾರ್ತಾಲೋಕದಲ್ಲಿ ಒಂದು ಭೂಕಂಪವಾಯಿತು. ಅದಕ್ಕೆ ಕಾರಣ ವಾರ್ತೆಯಲ್ಲ, ಫುಟ್‌ಬಾಲ್! 1993ರ ಡಿಸೆಂಬರಿನಲ್ಲಿ ಫಾಕ್ಸ್ ಜಾಲವು ಅದುವರೆಗೆ ಸಿ.ಬಿ.ಎಸ್. ಕೈಯಲ್ಲಿದ್ದ ಎನ್.ಎಫ್.ಸಿ. ಪಂದ್ಯಗಳ ಹಕ್ಕನ್ನು ನಾಲ್ಕು ವರ್ಷಗಳ ಅವಧಿಗೆ ಸುಮಾರು 158 ಕೋಟಿ ಡಾಲರುಗಳಿಗೆ ಕೊಂಡಿತು. ಆಟ ಕೈಗೆ ಬಂದ ಮೇಲೆ ಅದನ್ನು ತೋರಿಸಲು ಒಳ್ಳೆಯ ನಿಲಯಗಳು ಬೇಡವೆ? 1994ರ ಮೇ ತಿಂಗಳಿನಲ್ಲಿ ನ್ಯೂ ವರ್ಲ್ಡ್ ಎಂಬ ಸಂಸ್ಥೆಯೊಡನೆ ಒಪ್ಪಂದವಾಗಿ ದೇಶದ ಹಲವಾರು ನಿಲಯಗಳು ಪಕ್ಷಾಂತರ ಮಾಡಿದವು. ಹೌದು, ನಮ್ಮ ರಾಜಕಾರಣದ ಆ ಪದವೇ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಆ ವರ್ಷದ ಡಿಸೆಂಬರ್ 11ರಂದು ಚಾನೆಲ್ 2 ದಶಕಗಳ ಸಿ.ಬಿ.ಎಸ್. ಸಂಬಂಧವನ್ನು ಕಡಿದುಕೊಂಡು ಫಾಕ್ಸ್ ನಿಲಯವಾಯಿತು. ಬೀದಿಗೆ ಬಿದ್ದ ಸಿ.ಬಿ.ಎಸ್. ಎಲ್ಲಿಯೂ ಆಶ್ರಯ ದೊರೆಯದೆ ಕೊನೆಗೆ ಚಾನೆಲ್ 62 ಎಂಬ ಪುಟ್ಟ ನಿಲಯವನ್ನು 2 ಕೋಟಿ 40 ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. ಆ ಪುಟ್ಟ ನಿಲಯದ ಮಾತನ್ನು ಮುಂದೆ ಹೇಳುತ್ತೇನೆ.

ಇಷ್ಟೆಲ್ಲ ಕೋಟಿಗಳ ಹಿಂದೆ ಇರುವುದು ಒಂದು ಸಣ್ಣ ಲೆಕ್ಕ. ಒಂದು ಊರಿನಲ್ಲಿ ದೂರದರ್ಶನವಿರುವ ನೂರು ಮನೆಗಳಿವೆಯೆನ್ನಿ. ರಾತ್ರಿ ಹನ್ನೊಂದಕ್ಕೆ ಅರುವತ್ತು ಮನೆಗಳಲ್ಲಿ ಪೆಟ್ಟಿಗೆ ಉರಿಯುತ್ತಿದೆ. ಅವುಗಳಲ್ಲಿ ಹದಿನೈದು ಮನೆಗಳವರು ಒಂದು ಚಾನೆಲಿನ ವಾರ್ತೆ ನೋಡುತ್ತಿದ್ದಾರೆ. ಆಗ ಆ ವಾರ್ತೆಯ ರೇಟಿಂಗ್ ಹದಿನೈದು, ಪಾಲು ಇಪ್ಪತ್ತೈದು. ಮೂವತ್ತು ಸೆಕೆಂಡಿನ ಜಾಹೀರಾತಿಗೆ ಎಷ್ಟು ಬೆಲೆ ಎಂಬುದು ಈ ಅಂಕಿಯ ಮೇಲೆ ನಿಂತಿದೆ. ಎಣಿಸುವವರು ನೀಲ್ಸನ್ ಸಂಸ್ಥೆಯವರು. ಫೆಬ್ರವರಿ, ಮೇ, ಜುಲೈ, ನವೆಂಬರ್, ಈ ನಾಲ್ಕು ತಿಂಗಳುಗಳು ಎಣಿಕೆಯ ಸುಗ್ಗಿ. ಇವನ್ನು ಇಲ್ಲಿ ‘ಸ್ವೀಪ್ಸ್’ ಎಂದು ಕರೆಯುತ್ತಾರೆ. ಆಯ್ದ ಮನೆಗಳಿಗೆ ಕಾಗದದ ದಿನಚರಿಯೊಂದು ಅಂಚೆಯಲ್ಲಿ ಬರುತ್ತಿತ್ತು, ಜೊತೆಗೆ ಗರಿಗರಿಯಾದ ಒಂದೆರಡು ಡಾಲರು ನೋಟುಗಳು. ನಮ್ಮ ಪರಿಚಯದ ಕನ್ನಡ ಕುಟುಂಬವೊಂದಕ್ಕೆ ಇಂತಹ ದಿನಚರಿ ಬಂದಾಗ ಆ ಮನೆಯ ಯಜಮಾನರು ಮರ್ಯಾದಸ್ಥರು ನೋಡತಕ್ಕದ್ದೆಂದು ತಾವು ನಂಬಿದ್ದ ಸಾರ್ವಜನಿಕ ಚಾನೆಲ್ 56ರ ಕಾರ್ಯಕ್ರಮಗಳನ್ನು ವಾರವಿಡೀ ತುಂಬಿ ಕಳುಹಿಸಿದರು. ಮನೆಯಲ್ಲಿ ನೋಡಿದ್ದು ಕುಸ್ತಿಯೆಂದು ಅವರ ಮಗ ಕೂಟದ ದೀಪಾವಳಿ ಊಟದಲ್ಲಿ ಎಲ್ಲರೆದುರು ಹೇಳಿ ನಗಿಸಿದ. ಕೋಟಿಗಳ ವ್ಯವಹಾರ ಇಂತಹ ಪ್ರಮಾಣಪತ್ರಗಳ ಮೇಲೆ ನಡೆಯುತ್ತಿತ್ತು! ಈಗ ಕಾಗದದ ದಿನಚರಿ ಹೋಗಿ ಯಂತ್ರಗಳೇ ಎಲ್ಲವನ್ನೂ ಎಣಿಸುತ್ತವೆ.

ಸುಗ್ಗಿಯ ತಿಂಗಳು ಬಂದಿತೆಂದು ಪಂಚಾಂಗ ನೋಡದೆಯೇ ಹೇಳಬಹುದಾಗಿತ್ತು. ‘ನಿಮ್ಮ ಅಡುಗೆಮನೆಯಲ್ಲಿರುವ ಈ ವಸ್ತು ನಿಮ್ಮ ಮಕ್ಕಳ ಪ್ರಾಣಕ್ಕೆ ಎರವಾದೀತೆ? ಹನ್ನೊಂದಕ್ಕೆ ನೋಡಿ’ ಎಂದು ಸಂಜೆಯಿಂದ ಹೆದರಿಸುತ್ತಿದ್ದರು. ಅಡುಗೆಮನೆಯೇ ನನ್ನ ರಾಜ್ಯವಾದುದರಿಂದ ನಿದ್ದೆಗೆಟ್ಟು ಕಾದು ನೋಡಿದರೆ, ಹವಾಮಾನ, ಆಟೋಟ ಎಲ್ಲ ಮುಗಿದ ಮೇಲೆ ತೋರಿಸಿದ ಆ ಘಾತುಕ ವಸ್ತು ಪಾತ್ರೆ ತಿಕ್ಕುವ ಸ್ಪಂಜು. ಇನ್ನೊಂದು ಉಪಾಯವೂ ಇತ್ತು. ವಾರ್ತೆಯ ಹಿಂದಿನ ಕಾರ್ಯಕ್ರಮ ಜನಪ್ರಿಯವಾಗಿದ್ದರೆ ಚಾನೆಲ್ ಬದಲಿಸಲು ಸೋಮಾರಿತನಪಟ್ಟ ಜನ ವಾರ್ತೆಗೂ ಉಳಿಯುತ್ತಾರೆ. 1994ರಲ್ಲಿ ಆರಂಭವಾದ ‘ಇ.ಆರ್.’ ಎಂಬ ಆಸ್ಪತ್ರೆಯ ಧಾರಾವಾಹಿ ಗುರುವಾರ ರಾತ್ರಿ ಎನ್.ಬಿ.ಸಿ. ನಿಲಯಗಳಿಗೆ ಮಾಡಿದ ಉಪಕಾರ ಯಾವ ವರದಿಗಾರನೂ ಮಾಡಿರಲಾರ. ಶಿಕಾಗೋದ ಓಪ್ರಾ ವಿನ್‌ಫ್ರೇ ಅವರ ಕಾರ್ಯಕ್ರಮಕ್ಕಾಗಿ ನಿಲಯಗಳು ಹಣ ಸುರಿಯುತ್ತಿದ್ದುದೂ ಅದರ ಬೆನ್ನಿಗೆ ಬರುವ ಸಂಜೆಯ ವಾರ್ತೆಯ ಸಲುವಾಗಿಯೇ.

ಇವೆಲ್ಲ ನಗೆಯ ಮಾತಾಯಿತು. ನಗೆಯಲ್ಲದ ಮಾತು, ಮೊದಲ ಸುದ್ದಿ ಯಾವುದಾಗಬೇಕೆಂಬುದು. ‘ರಕ್ತ ಹರಿದರೆ ಅದಕ್ಕೇ ಅಗ್ರಸ್ಥಾನ’ ಎಂಬುದು ಇಲ್ಲಿನ ವಾರ್ತಾಗೃಹಗಳಲ್ಲಿ ಚಲಾವಣೆಯಲ್ಲಿರುವ ಹಳೆಯ ಮಾತು. ಕೊಲೆಯ ವರದಿಗೆ ಖರ್ಚು ಕಡಿಮೆ. ಒಂದು ವ್ಯಾನು, ಒಂದು ಕ್ಯಾಮೆರಾ, ಪೊಲೀಸರ ಹಳದಿ ಪಟ್ಟಿ ಇದ್ದರಾಯಿತು. ಶಾಲಾ ಮಂಡಳಿಯ ಲೆಕ್ಕಪತ್ರವನ್ನು ಓದಿ ತಿಳಿಯಲು ತಿಂಗಳು ಬೇಕು, ತೋರಿಸಲು ಚಿತ್ರವೂ ಇಲ್ಲ. ಹೀಗಾಗಿ ಹೊಸದಾಗಿ ಬಂದಿಳಿಯುವ ನಮ್ಮಂತಹ ಕುಟುಂಬಗಳು ಡೆಟ್ರಾಯಿಟ್ ನಗರವನ್ನು ಕಂಡದ್ದು ಆ ಹಳದಿ ಪಟ್ಟಿಯ ಮೂಲಕವೇ. ‘ಏಯ್ಟ್ ಮೈಲ್ ದಾಟಬೇಡಿ’ ಎಂಬುದು ಇಲ್ಲಿ ಹೊಸಬರಿಗೆ ಸಿಗುತ್ತಿದ್ದ ಮೊದಲ ಉಪದೇಶ. ಹಾಗೆ ಹೇಳುತ್ತಿದ್ದವರಲ್ಲಿ ಅನೇಕರು ಈಸ್ಟರ್ನ್ ಮಾರ್ಕೆಟ್ಟಿನಲ್ಲಿ ತರಕಾರಿ ಕೊಂಡವರಲ್ಲ, ಕಲಾ ಸಂಗ್ರಹಾಲಯದ ಗೋಡೆಗಳ ಮೇಲೆ ಡಿಯೇಗೋ ರಿವೇರಾ 1932–33ರಲ್ಲಿ ಬರೆದ ಕಾರ್ಖಾನೆಯ ಕಾರ್ಮಿಕರ ಚಿತ್ರಗಳನ್ನು ಕಂಡವರಲ್ಲ. ಅಪರಾಧಗಳು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ, ಇದ್ದವು. ಆದರೆ 2013ರ ಜುಲೈ 18ರಂದು ಸುಮಾರು 1,800 ಕೋಟಿ ಡಾಲರುಗಳ ಹೊರೆ ಹೊತ್ತು ಆ ನಗರ ದಿವಾಳಿಯೆಂದು ಘೋಷಿಸಿಕೊಂಡಾಗ, ಅದರ ಹಿಂದಿನ ದಶಕಗಳ ಲೆಕ್ಕಾಚಾರ ನನಗೆ ಅಷ್ಟಿಷ್ಟು ಅರ್ಥವಾದದ್ದು ಪತ್ರಿಕೆಗಳಿಂದ. ಹನ್ನೊಂದು ಗಂಟೆಯ ವಾರ್ತೆಯಿಂದ ಡೆಟ್ರಾಯಿಟ್‌ನಲ್ಲಿ ಯಾವ ಬೀದಿಯಲ್ಲಿ ಯಾರ ಕೊಲೆಯಾಯಿತೆಂದು ತಿಳಿಯುತ್ತಿತ್ತೇ ಹೊರತು ಆ ಬೀದಿಯ ದೀಪ ಏಕೆ ಉರಿಯುತ್ತಿಲ್ಲವೆಂದು ತಿಳಿಯುತ್ತಿರಲಿಲ್ಲ.

ಒಮ್ಮೆ ಕ್ಯಾಮೆರಾ ನಮ್ಮ ಅಂಗಳಕ್ಕೇ ಬಂದಿತು. ತೊಂಬತ್ತರ ದಶಕದ ಒಂದು ನವೆಂಬರ್ ಸಂಜೆ ನಾವಿದ್ದ ವಸತಿ ಸಮುಚ್ಚಯದ ಒಂದು ಮನೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಆ ಮನೆಯವರು ನಮ್ಮ ಕಡೆಯವರೇ. ಬಂದು ಆರು ತಿಂಗಳಾಗಿತ್ತಷ್ಟೆ. ಪ್ರಾಣಾಪಾಯವಾಗಲಿಲ್ಲ, ಆದರೆ ಇದ್ದಬದ್ದದ್ದೆಲ್ಲ ಹೋಯಿತು. ಹಿಮದ ಮೇಲೆ ಬರಿಗಾಲಿನಲ್ಲಿ, ರಾತ್ರಿಯ ಉಡುಪಿನಲ್ಲಿ, ಮಗುವನ್ನೆತ್ತಿಕೊಂಡು ನಿಂತಿದ್ದ ಆ ಹುಡುಗಿಗೆ ನಾನು ಶಾಲು ಹೊದಿಸುವಷ್ಟರಲ್ಲಿ ದೀಪ ಹಿಡಿದು ಬಂದ ವರದಿಗಾರ ಮೈಕನ್ನು ಮುಂದೊಡ್ಡಿ ‘ಈಗ ನಿಮಗೆ ಹೇಗನಿಸುತ್ತಿದೆ?’ ಎಂದು ಕೇಳಿದ. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಕನ್ನಡದಲ್ಲಿ ಏನೋ ಹೇಳಿ ಅತ್ತಳು. ನಾನು ಆತನಿಗೆ ಬೆನ್ನು ಹಾಕಿ ಅಡ್ಡ ನಿಂತೆ. ಆದರೂ ರಾತ್ರಿ ಹನ್ನೊಂದಕ್ಕೆ ಆ ಅಳು ಪ್ರಸಾರವಾಯಿತು, ಹನ್ನೆರಡು ಸೆಕೆಂಡು ಇದ್ದೀತು. ಬಳಿಕ ಕಟ್ಟಡದ ಹೊಗೆಯ ಎಚ್ಚರಿಕೆ ಗಂಟೆಗಳು ಏಕೆ ಮೊಳಗಲಿಲ್ಲವೆಂದು ನಾವು ಕೆಲವರು ಗೃಹಿಣಿಯರು ಕೂಡಿ ಅದೇ ನಿಲಯಕ್ಕೆ ಪತ್ರ ಬರೆದೆವು, ಎರಡು ಬಾರಿ ಫೋನು ಮಾಡಿದೆವು. ಯಾರೂ ಬರಲಿಲ್ಲ. ಬೆಂಕಿ ಆರಿತ್ತು, ಗಂಟೆಗಳ ಬಗೆಗೆ ತೋರಿಸಲು ಚಿತ್ರವೇನಿದೆ? ಊರಿನಿಂದ ತಂದಿದ್ದ ಮದುವೆಯ ಸೀರೆಗಳನ್ನು ಕಳೆದುಕೊಂಡದ್ದಕ್ಕಿಂತ ತಾನು ಆ ಉಡುಪಿನಲ್ಲಿ ಸಾವಿರಾರು ಮನೆಗಳಲ್ಲಿ ಕಾಣಿಸಿಕೊಂಡೆನೆಂಬುದೇ ಅವಳನ್ನು ವರ್ಷಗಟ್ಟಲೆ ಬಾಧಿಸಿತು.

ಪೈಪೋಟಿಯಿಂದ ಒಳಿತೇ ಇಲ್ಲವೆಂದರೆ ಅಪಚಾರವಾದೀತು. 2005ರಲ್ಲಿ ಡೆಟ್ರಾಯಿಟ್ ಮಹಾಪೌರ ಕ್ವಾಮೆ ಕಿಲ್‌ಪ್ಯಾಟ್ರಿಕ್ ಅವರ ಕುಟುಂಬದ ಬಳಕೆಗೆಂದು ನಗರದ ಹಣದಲ್ಲಿ ಐಷಾರಾಮಿ ವಾಹನ ಪಡೆದ ಸಂಗತಿಯನ್ನು ಬೆನ್ನುಬಿಡದೆ ಹಿಂಬಾಲಿಸಿದವರು ಚಾನೆಲ್ 7ರ ಸ್ಟೀವ್ ವಿಲ್ಸನ್. ಪ್ರತಿಸ್ಪರ್ಧಿಗಿಂತ ಮುಂದಿರಬೇಕೆಂಬ ಹಟವಿಲ್ಲದಿದ್ದರೆ ಒಂದು ನಿಲಯ ಅಷ್ಟು ಕಾಲ ಒಬ್ಬ ವರದಿಗಾರನನ್ನು ಅದಕ್ಕೇ ಬಿಟ್ಟುಕೊಟ್ಟೀತೆ? ಆ ಮಹಾಪೌರರ ಪತನಕ್ಕೆ ಕಾರಣವಾದ ಸಂದೇಶಗಳನ್ನು 2008ರಲ್ಲಿ ಹೊರಗೆಡಹಿದ್ದು ಮಾತ್ರ ಫ್ರೀ ಪ್ರೆಸ್ ಪತ್ರಿಕೆ. ಇನ್ನು ಹಿಮಪಾತದ ಮುಂಜಾನೆ ಮುಚ್ಚಿದ ಶಾಲೆಗಳ ಪಟ್ಟಿಯನ್ನು ಯಾರು ಮೊದಲು ಓಡಿಸುತ್ತಾರೆಂಬ ಸ್ಪರ್ಧೆಯಿಂದ ಎಲ್ಲ ತಾಯಂದಿರಿಗೂ ಉಪಕಾರವೇ ಆಗಿದೆ.

ಪಕ್ಕದ ಶಿಕಾಗೋದ ಒಂದು ಪ್ರಸಂಗವನ್ನು ಇಲ್ಲಿ ವಿವರವಾಗಿ ಹೇಳಲೇಬೇಕು. ಅಲ್ಲಿ ಚಾನೆಲ್ 5ರ ವಾರ್ತೆಯನ್ನು ಕ್ಯಾರಲ್ ಮರೀನ್ ಎಂಬ ಗೌರವಾನ್ವಿತ ಪತ್ರಕರ್ತೆ ನಡೆಸುತ್ತಿದ್ದರು. 1997ರಲ್ಲಿ ಆ ನಿಲಯದ ಅಧಿಕಾರಿಗಳು ಬೈದಾಟ ಹೊಡೆದಾಟಗಳ ಕಾರ್ಯಕ್ರಮದಿಂದ ಖ್ಯಾತನಾಗಿದ್ದ ಜೆರಿ ಸ್ಪ್ರಿಂಗರ್ ಅವರನ್ನು ರಾತ್ರಿಯ ವಾರ್ತೆಯಲ್ಲಿ ವ್ಯಾಖ್ಯಾನಕಾರರಾಗಿ ಕೂರಿಸಲು ನಿಶ್ಚಯಿಸಿದರು. ಮರೀನ್ ಅವರು ರಾಜೀನಾಮೆ ಕೊಟ್ಟು ಹೊರನಡೆದರು. ಊರೇ ಎದ್ದು ನಿಂತಿತು. ಎರಡು ವ್ಯಾಖ್ಯಾನಗಳಿಗೆ ಸ್ಪ್ರಿಂಗರ್ ಪರ್ವ ಮುಗಿಯಿತು. ಇಲ್ಲಿಗೆ ಕಥೆ ನಿಂತಿದ್ದರೆ ಮಕ್ಕಳಿಗೆ ಹೇಳುವ ನೀತಿಕಥೆಯಾಗುತ್ತಿತ್ತು. ಆದರೆ 2000ದ ಫೆಬ್ರವರಿಯಲ್ಲಿ ಚಾನೆಲ್ 2 ಅದೇ ಮರೀನ್ ಅವರಿಗೆ ರಾತ್ರಿ ಹತ್ತರ ವಾರ್ತೆಯನ್ನು ಒಪ್ಪಿಸಿತು. ಹರಟೆಯಿಲ್ಲ, ಥಳಕಿಲ್ಲ, ದೀರ್ಘವಾದ ವರದಿಗಳು, ಸಂದರ್ಶನಗಳು. ಪತ್ರಿಕೆಗಳು ಹೊಗಳಿದವು. ಶಿಕಾಗೋದ ನಮ್ಮ ಸ್ನೇಹಿತೆಯರು ‘ವಾರ್ತೆಯೆಂದರೆ ಇದು’ ಎಂದು ಫೋನಿನಲ್ಲಿ ಸಂಭ್ರಮಿಸುತ್ತಿದ್ದರು. ಅಂಕಿ ಮಾತ್ರ ಏರಲಿಲ್ಲ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಆ ವಾರ್ತೆಯನ್ನು ನಿಲ್ಲಿಸಿಬಿಟ್ಟರು; ಒಂಬತ್ತು ತಿಂಗಳೂ ತುಂಬಿರಲಿಲ್ಲ. ಸ್ಪ್ರಿಂಗರ್ ಅವರನ್ನು ವಿರೋಧಿಸಿದ ಅದೇ ಶಿಕಾಗೋದ ಜನ ಮರೀನ್ ಅವರನ್ನು ನೋಡಲಿಲ್ಲ. ಆ ಸಂಭ್ರಮದ ಸ್ನೇಹಿತೆಯರಲ್ಲೊಬ್ಬರನ್ನು ಕೇಳಿದೆ. ‘ಮೊದಮೊದಲು ನೋಡುತ್ತಿದ್ದೆವು, ಆಮೇಲೆ ಹತ್ತು ಗಂಟೆಗೆ ಅಷ್ಟು ಗಂಭೀರವಾದದ್ದು ಬೇಡವೆನಿಸಿತು’ ಎಂದರು. ನಿಲಯಗಳನ್ನು ಬೈಯುವಾಗಲೆಲ್ಲ ನನಗೆ ಆ ಉತ್ತರ ನೆನಪಾಗುತ್ತದೆ.

ಈಗ ತಾಯ್ನಾಡಿನ ಮಾತು. ನಾವು ಬಿಟ್ಟುಬಂದ ಕರ್ನಾಟಕದಲ್ಲಿ ದೂರದರ್ಶನದ ವಾರ್ತೆಗೆ ಎದುರಾಳಿಯೇ ಇರಲಿಲ್ಲ. ಅದು ಸರ್ಕಾರದ ತುತ್ತೂರಿಯೆಂಬ ಆಕ್ಷೇಪವೂ ಸುಳ್ಳಲ್ಲ. 1994ರಲ್ಲಿ ಉದಯ ಟಿ.ವಿ. ಬಂದಿತು, 2006ರ ಕೊನೆಯಲ್ಲಿ ಟಿ.ವಿ.9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿ.ವಿ. ಎಂದು ಹಗಲಿರುಳು ಸುದ್ದಿ ಹೇಳುವ ಕನ್ನಡ ವಾಹಿನಿಗಳು ಒಂದರ ಹಿಂದೊಂದು ಹುಟ್ಟಿದವು. ಅಮೆರಿಕದಲ್ಲಿ ನಾಲ್ಕು ದಶಕಗಳಲ್ಲಿ ನಡೆದದ್ದು ಅಲ್ಲಿ ಹತ್ತು ವರ್ಷಗಳೊಳಗೆ ನಡೆದುಹೋಯಿತು. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಸಚಿವರು ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡುತ್ತಿದ್ದುದನ್ನು ವಾಹಿನಿಗಳ ಕ್ಯಾಮೆರಾ ಹಿಡಿದುದರಿಂದ ಮೂವರು ರಾಜೀನಾಮೆ ಕೊಡಬೇಕಾಯಿತು. ಅಂತಹ ಸಾರ್ಥಕ ಕ್ಷಣಗಳೂ ಇವೆ. 2019ರಲ್ಲಿ ಖಾಸಗಿ ಕ್ಯಾಮೆರಾಗಳನ್ನೇ ಸದನದಿಂದ ಹೊರಗಿಟ್ಟರೆಂಬುದನ್ನೂ ಜೊತೆಯಲ್ಲಿಯೇ ನೆನೆಯಬೇಕು. ಆದರೆ ಉಳಿದ ಹೊತ್ತು? ಒಂದೇ ಚಿತ್ರ ಇಪ್ಪತ್ತು ಬಾರಿ, ಕೆಂಪು ಅಕ್ಷರ, ಎದೆ ನಡುಗಿಸುವ ಹಿನ್ನೆಲೆ ಸಂಗೀತ, ನಡುನಡುವೆ ಜ್ಯೋತಿಷಿಗಳು.

2021ರ ಮೇ ತಿಂಗಳಿನಲ್ಲಿ ಮೈಸೂರಿನ ಸರಸ್ವತಿಪುರಂನ ಮನೆಯಲ್ಲಿ ನಮ್ಮ ಮಾವನವರೂ ಅತ್ತೆಯವರೂ ಇಬ್ಬರೇ ಇದ್ದರು. ನಾವು ಹೋಗುವಂತಿರಲಿಲ್ಲ. ನಿವೃತ್ತ ಉಪಾಧ್ಯಾಯರಾದ ಮಾವನವರು ಬೆಳಗಿನಿಂದ ರಾತ್ರಿಯವರೆಗೆ ಸುದ್ದಿವಾಹಿನಿಗಳ ಮುಂದೆ ಕುಳಿತಿರುತ್ತಿದ್ದರು. ಪಕ್ಕದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ರೋಗಿಗಳು ತೀರಿಕೊಂಡ ವಾರವದು. ಆ ದುರಂತವನ್ನು ಮುಚ್ಚಿಡಲಾಗದಂತೆ ಮಾಡಿದ್ದರಲ್ಲಿ ವಾಹಿನಿಗಳ ಪಾಲೂ ಇದೆ. ಆದರೆ ಅದೇ ಚಿತೆ, ಅದೇ ಆಂಬುಲೆನ್ಸ್, ಅದೇ ಸಂಗೀತ ದಿನವಿಡೀ ನೋಡಿದ ಮಾವನವರಿಗೆ ಉಸಿರು ಕಟ್ಟಿದಂತಾಗತೊಡಗಿತು. ಬೆರಳಿಗೆ ಹಾಕಿದ ಯಂತ್ರ ಆಮ್ಲಜನಕ 97 ಎನ್ನುತ್ತಿತ್ತು. ಅವರು ಅದನ್ನು ನಂಬುತ್ತಿರಲಿಲ್ಲ. ಅರ್ಧರಾತ್ರಿಯಲ್ಲಿ ಫೋನು ಮಾಡಿ ‘ನನಗೆ ಹಾಸಿಗೆ ಸಿಗುವುದಿಲ್ಲ’ ಎಂದು ಮಗನೆದುರು ಅಳುತ್ತಿದ್ದರು. ವೈದ್ಯರು ಬರೆದುಕೊಟ್ಟ ಔಷಧಿಯಲ್ಲಿ ಮೊದಲನೆಯದು ಟಿ.ವಿ.ಯ ತಂತಿ ಕಿತ್ತಿಡುವುದು. ಅತ್ತೆಯವರು ಅದನ್ನು ಕಿತ್ತು ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿಟ್ಟರು. ಮೂರನೆಯ ದಿನ ಮಾವನವರು ನಿದ್ದೆ ಮಾಡಿದರು.

ಇಲ್ಲಿ ಒಂದು ಸೋಜಿಗವಿದೆ. ಭಾರತದಲ್ಲಿ 2015ರಿಂದ ಈ ಎಣಿಕೆ ಮಾಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ಇಡೀ ದೇಶದ ಕೋಟಿಗಟ್ಟಲೆ ಮನೆಗಳ ಪರವಾಗಿ 2020ರಲ್ಲಿ ಸುಮಾರು 44,000 ಮನೆಗಳಲ್ಲಿ ಅದರ ಯಂತ್ರಗಳಿದ್ದವು. ಅಂತಹ ಮನೆಗಳಿಗೆ ಲಂಚ ಕೊಟ್ಟು ಅಂಕಿ ಏರಿಸಿದರೆಂಬ ಆರೋಪದ ಮೇಲೆ ಆ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಪೊಲೀಸರು ತನಿಖೆಗಿಳಿದಾಗ, ಸುದ್ದಿವಾಹಿನಿಗಳ ಸಾಪ್ತಾಹಿಕ ಅಂಕಿಗಳ ಪ್ರಕಟಣೆಯನ್ನೇ ನಿಲ್ಲಿಸಲಾಯಿತು. ಮತ್ತೆ ಆರಂಭವಾದದ್ದು 2022ರ ಮಾರ್ಚಿನಲ್ಲಿ. ಎಂದರೆ ನಮ್ಮ ಮಾವನವರು ಉಸಿರಿಗಾಗಿ ಪರದಾಡಿದ ಆ ಮೇ ತಿಂಗಳಿನಲ್ಲಿ ಯಾವ ವಾಹಿನಿಗೂ ಗುರುವಾರದ ಅಂಕಪಟ್ಟಿ ಬರುತ್ತಿರಲಿಲ್ಲ! ಪರೀಕ್ಷೆಯೇ ಇಲ್ಲದ ಒಂದೂವರೆ ವರ್ಷದಲ್ಲಿ ಸ್ವರ ಒಂದು ಮಟ್ಟ ತಗ್ಗೀತೆಂದು ನಾನು ಇಲ್ಲಿಂದಲೇ ಫೋನಿನ ಪರದೆಯಲ್ಲಿ ನೋಡುತ್ತಲೇ ಇದ್ದೆ. ತಗ್ಗಲಿಲ್ಲ. ಅಂಕಿ ನಿಂತರೂ ಅಂಕಿಯ ಚಾಳಿ ನಿಲ್ಲಲಿಲ್ಲ. ಪಕ್ಕದ ವಾಹಿನಿ ಕೂಗುತ್ತಿದೆಯಲ್ಲ, ಅದೇ ಸಾಕಾಗಿತ್ತು. ಯಂತ್ರವನ್ನು ದೂರಿದರೆ ಸಾಲದೆಂದು ನನಗೆ ಮನವರಿಕೆಯಾದದ್ದು ಆಗ.

ಅಂಕಿ ಕೂಗಾಟವನ್ನಷ್ಟೇ ಹುಟ್ಟಿಸುವುದಿಲ್ಲ, ಮೌನವನ್ನೂ ಹುಟ್ಟಿಸುತ್ತದೆ. ಮುಂದೆ ಹೇಳುತ್ತೇನೆಂದಿದ್ದ ಚಾನೆಲ್ 62ರ ಕಥೆ ಅದು. 1975ರ ಸೆಪ್ಟೆಂಬರ್ 29ರಂದು ಡಬ್ಲ್ಯೂ.ಜಿ.ಪಿ.ಆರ್. ಎಂಬ ಹೆಸರಿನಿಂದ ಆರಂಭವಾದ ಅದು ಅಮೆರಿಕದ ಮುಖ್ಯ ಭೂಭಾಗದಲ್ಲಿ ಕಪ್ಪು ಜನರೇ ಒಡೆಯರಾಗಿದ್ದ ಮೊತ್ತಮೊದಲ ದೂರದರ್ಶನ ನಿಲಯ. ಸ್ಥಾಪಕರು ವಿಲಿಯಂ ಬ್ಯಾಂಕ್ಸ್. ‘ಬಿಗ್ ಸಿಟಿ ನ್ಯೂಸ್’ ಎಂದು ತಮ್ಮದೇ ವಾರ್ತೆಯನ್ನು ಅವರು ಆರಂಭಿಸಿದರು. ನೋಡುಗರು ಕಡಿಮೆ, ಜಾಹೀರಾತು ಇನ್ನೂ ಕಡಿಮೆ. ಸಿ.ಬಿ.ಎಸ್. ಕೊಂಡ ಮೇಲೆ ಹೆಸರು ಬದಲಾಯಿತು, ಬಂಡವಾಳ ಬಂದಿತು. 2001ರಲ್ಲಿ ರಾತ್ರಿ ಹನ್ನೊಂದರ ವಾರ್ತೆ ಆರಂಭವಾಯಿತು. ಆಳವಾಗಿ ಬೇರೂರಿದ್ದ 2, 4, 7ರ ಮುಂದೆ ಅದಕ್ಕೆ ಅಂಕಿ ಬರಲಿಲ್ಲ. 2002ರ ಕೊನೆಯಲ್ಲಿ ಅದನ್ನೂ ಸೋದರ ನಿಲಯವಾದ ಚಾನೆಲ್ 50ರ ವಾರ್ತಾವಿಭಾಗವನ್ನೂ ಮುಚ್ಚಿದರು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ, ಮಹಾಪೌರರು ಜೈಲಿಗೆ ಹೋದಾಗ, ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ 2009ರಲ್ಲಿ ದಿವಾಳಿಯಾದಾಗ, ನಗರವೇ ದಿವಾಳಿಯಾದಾಗ, ದೇಶದ ಅತಿ ದೊಡ್ಡ ಜಾಲಗಳಲ್ಲೊಂದರ ಸ್ವಂತ ನಿಲಯವೊಂದು ಡೆಟ್ರಾಯಿಟ್‌ನಲ್ಲಿ ತನ್ನದೇ ಆದ ಪೂರ್ಣ ವಾರ್ತಾವಿಭಾಗವಿಲ್ಲದೆ ಕಳೆಯಿತು. ಅದು ಮತ್ತೆ ಬಾಯಿ ತೆರೆದದ್ದು 2023ರ ಜನವರಿಯಲ್ಲಿ, ಫೋನುಗಳಲ್ಲಿಯೂ ನೋಡಲು ಬರುವ ಹೊಸ ರೀತಿಯ ವಾರ್ತೆಯೊಡನೆ. ನನ್ನ ಮಗಳು ಅದನ್ನು ಬಸ್ಸಿನಲ್ಲಿ ನೋಡುತ್ತಾಳಂತೆ. ನಾನು ಹಳೆಯ ಅಭ್ಯಾಸದಂತೆ ಹನ್ನೊಂದಕ್ಕೇ ನೋಡುತ್ತೇನೆ.

ವಿಲಿಯಂ ಬ್ಯಾಂಕ್ಸ್ ಅವರ ಮೂಲ ನಿಲಯ ಸೌತ್‌ಫೀಲ್ಡ್‌ನಲ್ಲಿರಲಿಲ್ಲ. ಡೆಟ್ರಾಯಿಟ್ ನಗರದೊಳಗೇ, ಈಸ್ಟ್ ಜೆಫರ್ಸನ್ ರಸ್ತೆಯಲ್ಲಿತ್ತು. 2017ರಲ್ಲಿ ಆ ಕಟ್ಟಡದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವನ್ನು ತೆರೆದರು. ನಮ್ಮ ಊರಿಗೆ ಬರುವ ಬಂಧುಗಳು ಕಾರುಗಳ ಮ್ಯೂಸಿಯಮ್ಮನ್ನು ನೋಡಿಕೊಂಡು ಹೋಗುವುದು ರೂಢಿ. ಬಿಡುವಾದರೆ ಏಯ್ಟ್ ಮೈಲ್ ದಾಟಿ ಇಲ್ಲಿಗೂ ಒಮ್ಮೆ ಹೋಗಿಬರಬಹುದು. ಹೊರಡುವ ಮೊದಲು ಫೋನು ಮಾಡಿ ವೇಳೆ ವಿಚಾರಿಸಿಕೊಳ್ಳುವುದು ಲೇಸು.